ಜೇಬಿನಲ್ಲೇ ಉಳಿದ ಕೆಂಪು ಕಾರ್ಡು

ಆ ಶನಿವಾರ ವಸಂತಕುಮಾರ ಬೇಗ ಮನೆಗೆ ಬಂದ. ಥಾಣೆಯಲ್ಲಿ ಹೋಟೆಲಿನ ಗಲ್ಲಾದ ಮುಂದೆ ಕೂರುವ ಮನುಷ್ಯ ದೀಪ ಹಚ್ಚುವ ಹೊತ್ತಿಗೆ ಡೊಂಬಿವಲಿಯ ಮನೆಯಲ್ಲಿ ಸಿಕ್ಕಿದನೆಂದರೆ ಮರುದಿನ ಮಂಡಳಿಯ ಫುಟ್‌ಬಾಲ್ ಇದೆ ಎಂದೇ ಅರ್ಥ. ಕರಾವಳಿಯ ಊರಿನವರ ಮಂಡಳಿ ವರ್ಷಕ್ಕೊಂದು ಭಾನುವಾರ ಥಾಣೆಯ ವರ್ತಕ ನಗರದ ಮೈದಾನದಲ್ಲಿ ಪಂದ್ಯಾಟ ಇಡುತ್ತದೆ. ಆಡುವವರೆಲ್ಲ ಹೋಟೆಲಿನವರು, ಅಂಗಡಿಯವರು, ಆಫೀಸಿನವರು. ಐವತ್ತು ಹತ್ತಿರ ಬಂದರೂ ವಸಂತಕುಮಾರ ಆಟ ಬಿಟ್ಟಿರಲಿಲ್ಲ.

ಅವನ ಹೆಂಡತಿ ಅಕ್ಕು ಬಂಗುಡೆ ಪುಳಿಮುಂಚಿ ಮಾಡಿದ್ದಳು. ಕೆಳಗಿನ ಮಾಳಿಗೆಯಲ್ಲಿ ನಾಲ್ಕು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದ ಹಿತೇಶ್ ವಾಸನೆ ಹಿಡಿದು ಮೇಲೆ ಬಂದ. ಸಂಬಂಧಿಕನಲ್ಲ, ಕಾರ್ಕಳದ ಕಡೆಯ ಹುಡುಗ. ಕೊರಿಯರ್ ಆಫೀಸಿನಲ್ಲಿ ಕೆಲಸ. ಮಾಮ, ಮಾಮಿ ಎಂದು ಕರೆದುಕೊಂಡು ವಾರಕ್ಕೆ ಮೂರು ಸಲ ಅಕ್ಕುವಿನ ಅಡುಗೆಮನೆಯಲ್ಲೇ ಕೂತು ಉಣ್ಣುತ್ತಿದ್ದ. ನಾಳೆ ಅವನು ಆಡುವುದು ಎದುರು ತಂಡದಲ್ಲಿ.

"ಮಾಮ, ನಾಳೆ ಆ ಹೊಟ್ಟೆ ಎತ್ಕೊಂಡು ಓಡ್ಲಿಕ್ಕೆ ಆಗ್ತದಾ ನಿಮ್ಗೆ?" ಎಂದು ಕೇಳಿದ.

"ನೀನು ಮೊದ್ಲು ಚೆಂಡು ಯಾವ್ದು, ಕಾಲು ಯಾವ್ದು ಅಂತ ಗುರ್ತು ಹಿಡಿ ಮಾರಾಯ," ಎಂದ ವಸಂತಕುಮಾರ.

ಮಗ ಸಮಿತ್ ಮೊಬೈಲಿನಲ್ಲಿ ಯಾವುದೋ ಹೊರದೇಶದ ಪಂದ್ಯ ಹಚ್ಚಿಕೊಂಡಿದ್ದ. ಅದರಲ್ಲಿ ಒಬ್ಬನಿಗೆ ಕೆಂಪು ಕಾರ್ಡು ಬಿತ್ತು. ಸಮಿತನಿಗೆ ಕೋಪ. ಬಾಲ್ ತೋ ಲಗಾ ನಾ, ಮತ್ತೆ ರೆಡ್ ಕಾಯ್ಕೋ ಎಂದು ಅಪ್ಪನನ್ನು ಕೇಳಿದ. ಚೆಂಡು ಸಿಕ್ಕಿತೋ ಇಲ್ಲವೋ ಅದಲ್ಲ ಪ್ರಶ್ನೆ, ಕಾಲು ಹೇಗೆ ಬಂತು ನೋಡು ಎಂದ ಅಪ್ಪ. ಬೂಟಿನ ತಳ ಮೇಲೆ ಇತ್ತು, ಮೊಣಕಾಲು ನೆಟ್ಟಗಿತ್ತು, ಗಾಳಿಯಲ್ಲಿ ಬಂದ, ತಡೆದುಕೊಳ್ಳಲು ಅವನ ಕೈಯಲ್ಲೇ ಇರಲಿಲ್ಲ. ಅಂಥವನನ್ನು ಹೊರಗೆ ಕಳಿಸಲೇಬೇಕು. ಹೀಗೆ ಹೇಳುತ್ತಾ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅಕ್ಕುವಿನ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಅವಳು ಓದಿದ್ದು ಮೂರನೇ ಕ್ಲಾಸು, ಅದರ ಮೇಲೆ ಬೀಡಿ ಕಟ್ಟಿದ್ದು. ಫುಟ್‌ಬಾಲ್ ಎಂದರೆ ಅವಳಿಗೆ ಸಾಕ್ಸಿನಲ್ಲಿ ಕೂತು ಬಿಡದ ಕೆಂಪು ಮಣ್ಣು, ಅಷ್ಟೇ.

ಅದು ಕೊನೆಯ ಸರಿಯಾದ ದಿನ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೊಂದು ತುಂಡು ಬಡಿಸುತ್ತಿದ್ದಳೇನೋ.

ಭಾನುವಾರ ಮಧ್ಯಾಹ್ನ ಸಮಿತನ ಫೋನು ಬಂತು. ಪಪ್ಪನ ಕಾಲು ಮುರಿದಿದೆ, ಥಾಣೆಯ ಆಸ್ಪತ್ರೆಗೆ ಬಾ ಎಂದ. ಮೊಣಕಾಲಿನ ಕೆಳಗೆ ಎಲುಬು ಎರಡಾಗಿತ್ತು. ಆಪರೇಷನ್ ಮಾಡಿ ಕಬ್ಬಿಣ ಕೂರಿಸಿದರು. ವಸಂತಕುಮಾರ ಮಂಚದ ಮೇಲೆ ಕೂತು ಚಹಾ ಕುಡಿದ, ಹೋಟೆಲಿನ ಮಾಲಕರಿಗೆ ಫೋನು ಮಾಡಿದ, ನಕ್ಕ. ವಾರ ತುಂಬುವುದರೊಳಗೆ ಒಂದು ಬೆಳಿಗ್ಗೆ ಉಸಿರು ಸಿಗುತ್ತಿಲ್ಲ ಎಂದ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು. ಡಾಕ್ಟರು ಓಡಿ ಬಂದರು. ಎಲ್ಲ ಮುಗಿಯಿತು.

ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಆಟದಲ್ಲಿ ಇದೆಲ್ಲ ಆಗುತ್ತದೆ, ಯಾರ ತಪ್ಪೂ ಅಲ್ಲ. ಒದ್ದವನು ಹಿತೇಶ್ ಎಂದು ಅವಳಿಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಅವನು ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ ನಿಂತಿದ್ದ. ನಾನು ಚೆಂಡಿಗೇ ಹೋದದ್ದು ಮಾಮಿ ಎಂದ. ಅವಳು ಬಾಗಿಲು ಹಾಕಿದಳು. ಆ ತಿಂಗಳೇ ಅವನು ರೂಮು ಬಿಟ್ಟು ಕಲ್ಯಾಣಕ್ಕೆ ಹೋದ.

ರೆಫರಿ ಅವನಿಗೆ ಕೊಟ್ಟದ್ದು ಹಳದಿ ಕಾರ್ಡು. ಯಾರೋ ಸಮಾಧಾನಕ್ಕೆಂದು ಹೇಳಿದ ಮಾತು ಅದು: ಹಳದಿ ಕೊಟ್ಟಿದ್ದಾರೆ ಅಕ್ಕ, ಸುಮ್ಮನೆ ಬಿಟ್ಟಿಲ್ಲ. ಅದು ಅಕ್ಕುವಿನ ತಲೆಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ.

ಆಮೇಲೆ ಅವಳಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಗುಡಿಸಿದ ನೆಲವನ್ನೇ ಗುಡಿಸುತ್ತಿದ್ದಳು. ಅಕ್ಕಿ ನೆನೆಹಾಕಿ ಮರೆತು, ಮತ್ತೆ ಅಕ್ಕಿ ನೆನೆಹಾಕುತ್ತಿದ್ದಳು. ತರಕಾರಿಗೆಂದು ಇಳಿದವಳು ಸ್ಟೇಷನ್ನಿಗೆ ಹೋಗಿ ಕಲ್ಯಾಣದ ಲೋಕಲ್ ಹತ್ತಿದ್ದಿದೆ. ಅಲ್ಲಿ ಇಳಿದು, ಸೇತುವೆ ದಾಟಿ, ಬಂದ ದಾರಿಯಲ್ಲೇ ವಾಪಸು ಬಂದಿದ್ದಿದೆ. ಹಿತೇಶ್ ಸಿಕ್ಕಿದರೆ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಸಿಗಲೂ ಇಲ್ಲ.

ಒಂದು ದಿನ ಸಮಿತನನ್ನು ಕೂರಿಸಿ ಕೇಳಿದಳು. ಅವನೂ ಅಪ್ಪನ ತಂಡದಲ್ಲೇ ಆಡಿದ್ದ, ಹತ್ತಿರದಲ್ಲೇ ಇದ್ದ. ಮೊದಮೊದಲು ಛೋಡ್ ನಾ ಮಮ್ಮಿ ಎಂದ. ಆಮೇಲೆ ಮೊಬೈಲು ತೆಗೆದು ಯಾರೋ ಹಿಡಿದಿದ್ದ ವಿಡಿಯೊ ತೋರಿಸಿದ. ವಸಂತಕುಮಾರ ಚೆಂಡು ಮುಂದೆ ತಳ್ಳಿದ್ದಾನೆ. ಪಕ್ಕದಿಂದ ಹಿತೇಶ್ ಹಾರಿದ್ದಾನೆ, ಎರಡೂ ಕಾಲು ಜೋಡಿಸಿ, ಬೂಟಿನ ತಳ ಎದುರು ಮಾಡಿ. ಚೆಂಡು ಆಚೆ ಹೋಯಿತು. ಇವರು ಈಚೆ ಬಿದ್ದರು. ಅವಳು ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಲಿಲ್ಲ.

"ಇದು ಯಾವ ಕಾರ್ಡಿನದ್ದು?"

"ರೆಡ್. ಸೀಧಾ ರೆಡ್," ಎಂದ ಸಮಿತ್. "ವೋ ರೆಫರಿ ಬಿಕಾ ಹುವಾ ಥಾ. ಔರ್ ಹಿತೇಶ್ ಕೋ ಮೈ ದೇಖ್ ಲೂಂಗಾ."

ಹಿತೇಶನನ್ನು ನೋಡಿಕೊಳ್ಳುತ್ತೇನೆಂಬ ಆ ಕೊನೆಯ ಮಾತು ಅವನು ಮೆಲ್ಲಗೆ ಹೇಳಿದ. ಅವಳಿಗೆ ಹೆದರಿಕೆ ಹುಟ್ಟಿದ್ದು ಆಗ. ಹುಡುಗನಿಗೆ ಹತ್ತೊಂಬತ್ತು. ಅಪ್ಪನ ಹಾಗೆಯೇ ಮಾತು ಜಾಸ್ತಿ ಇದ್ದವನು, ಈಗ ಹೇಳುವುದನ್ನೆಲ್ಲ ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ.

ರೆಫರಿಯ ಹೆಸರು ಅಭಿಜಿತ್, ಮನೆ ಖಾರಘರ. ಮಂಡಳಿಯ ಯಾರನ್ನೋ ಕಾಡಿ ವಿಳಾಸ ತೆಗೆದುಕೊಂಡು ಅಕ್ಕು ಒಂದು ರಜೆಯ ದಿನ ಒಬ್ಬಳೇ ಹೊರಟಳು. ಥಾಣೆಯಲ್ಲಿ ಇಳಿದು ಪನವೇಲದ ಗಾಡಿ ಹಿಡಿದಳು. ಗಾಡಿಯಲ್ಲಿ ಜಾಗ ಇತ್ತು, ಅವಳು ಬಾಗಿಲ ಹತ್ತಿರವೇ ನಿಂತಳು. ರೊಕ್ಕ ತಿಂದವನ ಮುಖ ಹೇಗಿರುತ್ತದೆ ನೋಡಬೇಕು ಎಂದುಕೊಂಡು ಹೋದದ್ದು. ಬಾಗಿಲು ತೆಗೆದವನು ಮೂವತ್ತರ ಒಳಗಿನ ಮರಾಠಿ ಹುಡುಗ, ಕಂಕುಳಲ್ಲಿ ಅಳುವ ಕೂಸು. ಅವಳು ಯಾರೆಂದು ಹೇಳಿದ ಕೂಡಲೇ ಕೂಸನ್ನು ಒಳಗೆ ಕೊಟ್ಟು ಬಂದು, ಅವಳ ಎದುರು ನಿಂತೇ ಇದ್ದ. ಕೂತುಕೊಳ್ಳಪ್ಪ ಎಂದು ಅವಳೇ ಹೇಳಬೇಕಾಯಿತು.

ಮಾತು ಹಿಂದಿಯಲ್ಲಿ ನಡೆಯಿತು. ಅವಳ ಹಿಂದಿ ಭಾಜಿ ಮಾರ್ಕೆಟ್ಟಿನದು, ಆದರೂ ಸಾಕಾಯಿತು. ನಿಮ್ಮ ನಿಯಮ ಏನು ಹೇಳುತ್ತದೆ, ನನಗೆ ತಿಳಿಯುವ ಹಾಗೆ ಹೇಳು ಎಂದಳು. ಅವನು ಹೇಳಿದ. ಜಾಗ್ರತೆ ಇಲ್ಲದೆ ಕಾಲು ತಾಗಿಸಿದರೆ ಬರೀ ಫ್ರೀಕಿಕ್, ಕಾರ್ಡಿಲ್ಲ. ಎದುರಿನವನಿಗೆ ಏನಾದೀತೆಂದು ಲೆಕ್ಕಿಸದೆ ನುಗ್ಗಿದರೆ ಹಳದಿ. ಬೇಕಾದ್ದಕ್ಕಿಂತ ಜೋರಾಗಿ, ಎದುರಿನವನ ಮೈಗೆ ಅಪಾಯ ಆಗುವ ಹಾಗೆ ಬಂದರೆ ಕೆಂಪು. ಮುಂದಿನಿಂದ ಬರಲಿ, ಪಕ್ಕದಿಂದ ಬರಲಿ, ಹಿಂದಿನಿಂದ ಬರಲಿ, ಒಂದು ಕಾಲಾಗಲಿ, ಎರಡಾಗಲಿ. ಕೆಂಪು ಬಿದ್ದವನು ಹೊರಗೆ. ಅವನ ಬದಲಿಗೆ ಇನ್ನೊಬ್ಬ ಬರುವಂತಿಲ್ಲ. ಉಗುಳಿದರೂ ಕಚ್ಚಿದರೂ ಕೆಂಪೇ, ಎರಡನೇ ಹಳದಿಗೂ ಕೆಂಪೇ. ಅದೆಲ್ಲ ಅವಳಿಗೆ ಬೇಕಿರಲಿಲ್ಲ.

ಚೆಂಡಿಗೇ ಹೋದದ್ದು ಎಂದು ಹುಡುಗ ಹೇಳುತ್ತಾನಲ್ಲ, ಅದಕ್ಕೆ ಏನನ್ನುತ್ತಿ ಎಂದು ಕೇಳಿದಳು. ಸುಳ್ಳಲ್ಲ, ಚೆಂಡಿಗೇ ಹೋದದ್ದು, ಚೆಂಡು ತಾಗಿತು ಕೂಡ ಎಂದ ಅಭಿಜಿತ್. ಆದರೆ ಮನಸ್ಸಿನಲ್ಲಿ ಏನಿತ್ತೆಂದು ರೆಫರಿ ಕೇಳುವುದಿಲ್ಲ. ಅದು ಕೆಂಪು. ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

"ಹಾಗಾದರೆ ಯಾಕೆ ಕೊಡಲಿಲ್ಲ?"

ಅವನು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಬಂದಿದ್ದ ಚಹಾ ಅಕ್ಕುವಿನ ಕೈಯಲ್ಲೇ ಆರಿಹೋಯಿತು. ಮಂಡಳಿಯ ಪಂದ್ಯಾಟದಲ್ಲಿ ಕೆಂಪು ತೆಗೆಯುವುದಿಲ್ಲ. ಅದು ವಾಡಿಕೆ. ಬೆಳಿಗ್ಗೆ ಮೈದಾನಕ್ಕೆ ಬಂದ ರೆಫರಿಗೆ ಹೂವು, ಶಾಲು, ಉಪ್ಪಿಟ್ಟು ಕೊಟ್ಟು ಕಾರ್ಯದರ್ಶಿ ಜಯಶೀಲ ಕಿವಿಯಲ್ಲಿ ಹೇಳುತ್ತಾರೆ: ಎಲ್ಲ ನಮ್ಮ ಮಕ್ಕಳೇ, ವರ್ಷಕ್ಕೊಂದು ದಿನ ರಜೆ ಸಿಕ್ಕವರು, ಹಳದಿಯವರೆಗೆ ಸಾಕು. ಅವತ್ತು ಮೊದಲರ್ಧದಲ್ಲೇ ಹಿತೇಶ್ ಇನ್ನೊಬ್ಬ ಹುಡುಗನ ಮೇಲೆ ಹಾಗೆಯೇ ಹಾರಿದ್ದ. ಆ ಹುಡುಗ ಕುಂಟುತ್ತಾ ಎದ್ದ, ಅವನ ಪುಣ್ಯ. ಅಭಿಜಿತನ ಕೈ ವಾಡಿಕೆ ಮರೆತು ಹಿಂದಿನ ಜೇಬಿಗೆ ಹೋಯಿತು. ಕಾರ್ಡು ಅರ್ಧ ಹೊರಗೆ ಬಂದಿತ್ತು. ಅಷ್ಟರಲ್ಲಿ ಏಟು ತಿಂದ ತಂಡದ ಕ್ಯಾಪ್ಟನ್ನೇ ಓಡಿ ಬಂದು ಅವನ ಮಣಿಕಟ್ಟು ಹಿಡಿದುಕೊಂಡ. ಅಪ್ನಾ ಬಚ್ಚಾ ಹೈ ಸರ್, ಜಾನೇ ದೋ ಎಂದು ನಕ್ಕ. ಕಾರ್ಡು ಜೇಬಿಗೇ ವಾಪಸು ಹೋಯಿತು, ಹಳದಿ ಕೂಡ ತೆಗೆಯಲಿಲ್ಲ.

"ಯಾರು ಕ್ಯಾಪ್ಟನ್?"

ಅಭಿಜಿತ್ ಅದನ್ನು ಹೇಳಬೇಕಾಗಿರಲಿಲ್ಲ. ಅವಳ ಗಂಡ, ಇವರೇ. ಕೆಂಪು ಬೇಡ ಎಂಬ ವಾಡಿಕೆ ಹಾಕಿದ್ದೂ ಇವರೇ ಅಂತೆ, ತುಂಬ ವರ್ಷದ ಹಿಂದೆ. ಒಬ್ಬ ಹೋಟೆಲಿನ ಹುಡುಗ ಆಟ ಶುರುವಾದ ಕೂಡಲೇ ಹೊರಗೆ ಬಿದ್ದು ದಿನವಿಡೀ ಅತ್ತದ್ದನ್ನು ನೋಡಲಾರದೆ.

ಬರುವಾಗ ಅವಳು ಥಾಣೆಯಲ್ಲಿ ಇಳಿದವಳು ಒಂದರ ಹಿಂದೆ ಒಂದು ಗಾಡಿ ಬಿಟ್ಟಳು. ಎಲ್ಲದರಲ್ಲೂ ಹತ್ತಬಹುದಿತ್ತು. ಅಷ್ಟು ದಿನ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸುವುದು? ಹಿತೇಶನ ಮೇಲೆ ಇಟ್ಟರೆ ಪೂರ್ತಿ ಕೂರುತ್ತಿರಲಿಲ್ಲ. ಸತ್ತವರ ಮೇಲೆ ಇಡುವ ಹಾಗಿಲ್ಲ. ಮನೆಗೆ ಬಂದು ಸಮಿತನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅಪ್ಪನನ್ನು ಇನ್ನೊಮ್ಮೆ ಕಿತ್ತುಕೊಂಡ ಹಾಗಾಗುತ್ತದೆ ಎನಿಸಿತು.

ವರ್ಷ ತಿರುಗುವಷ್ಟರಲ್ಲಿ ಜಯಶೀಲ ಮನೆಗೆ ಬಂದರು. ಈ ಸಲದ ಪಂದ್ಯಾಟ ವಸಂತಣ್ಣನ ಸ್ಮರಣೆಗೆ, ಗೆದ್ದವರಿಗೆ ಕಪ್ಪು ನೀವೇ ಕೊಡಬೇಕು ಅಕ್ಕ ಎಂದರು. ಸಮಿತ್ ಅಪ್ಪನ ಜಾಗದಲ್ಲಿ ಆಡುತ್ತಾನೆ ಎಂದು ಸಂತೋಷದಿಂದ ಹೇಳಿದರು. ಅದು ಅವಳಿಗೆ ಗೊತ್ತಿರಲಿಲ್ಲ. ಹಿತೇಶನೂ ಬರುತ್ತಾನಾ ಎಂದು ಕೇಳಿದಳು. ಬರುತ್ತಾನೆ, ತಂಡದವರು ಕೈಕಾಲು ಹಿಡಿದು ಒಪ್ಪಿಸಿದ್ದಾರೆ, ಒಂದು ವರ್ಷದಿಂದ ಹುಡುಗ ಚೆಂಡು ಮುಟ್ಟಿಲ್ಲ ಎಂದರು.

ಸಮಿತ್ ಯಾಕೆ ಹೆಸರು ಕೊಟ್ಟಿದ್ದಾನೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬರುತ್ತೇನೆ, ಆದರೆ ಕೆಂಪು ಕಾರ್ಡು ಇರಬೇಕು, ಆ ಖಾರಘರದ ಹುಡುಗನನ್ನೇ ಕರೆಸಬೇಕು, ಅವನ ಕಿವಿಯಲ್ಲಿ ಯಾರೂ ಏನೂ ಹೇಳಬಾರದು ಎಂದಳು. ಜಯಶೀಲ ತಲೆ ಕೆರೆದುಕೊಂಡರು. ಹತ್ತು ಜನ ಉಳಿದ ತಂಡ ಜಗಳಕ್ಕೆ ನಿಲ್ಲುತ್ತದೆ, ಸ್ಟೇಜಿನ ಮೇಲೆ ಗೆಸ್ಟುಗಳು ಇರುತ್ತಾರೆ, ಮುಂದಿನ ವರ್ಷ ಅರ್ಧ ತಂಡ ಬರುವುದಿಲ್ಲ ಎಂದೆಲ್ಲ ಹೇಳಿ ನೋಡಿದರು. ಕೊನೆಗೆ ಮೆಲ್ಲಗೆ, "ಇದು ವಸಂತಣ್ಣನೇ ಹಾಕಿದ ವಾಡಿಕೆ ಅಕ್ಕ. ನಿಮ್ಗೆ ಗೊತ್ತಿಲ್ಲದೆ ಇರ್ಬಹುದು," ಎಂದರು.

"ಗೊತ್ತುಂಟು. ಅವರು ಮಾಡಿದ್ದು ತಪ್ಪು. ಅವರಿದ್ದಿದ್ರೆ ಅವರಿಗೇ ಹೇಳ್ತಿದ್ದೆ. ಇಲ್ಲ, ಅದಕ್ಕೆ ನಿಮ್ಗೆ ಹೇಳ್ತಾ ಇದ್ದೇನೆ."

ಜಯಶೀಲ ಒಪ್ಪಿ ಹೋದರು.

ಪಂದ್ಯದ ಬೆಳಿಗ್ಗೆ ಅವಳು ಸಮಿತನ ಬಾಗಿಲಿಗೆ ಅಡ್ಡ ನಿಂತಳು. ಹಿತೇಶನ ಕಾಲಿಗೆ ಹೋಗಬೇಡ ಎಂದಳು. ಕುಛ್ ನಹೀ ಹೋಗಾ ಎಂದ ಅವನು, ಅವಳ ಮುಖ ನೋಡದೆ. ಹೋಗುವುದೇ ಬೇಡ ಎಂದು ಹಟ ಹಿಡಿಯಬಹುದಿತ್ತು. ಹಿಡಿದರೆ ಅವನು ಕಲ್ಯಾಣದ ಯಾವುದಾದರೂ ಗಲ್ಲಿಯಲ್ಲಿ ಹಿತೇಶನನ್ನು ಹುಡುಕುತ್ತಾನೆ. ಅಲ್ಲಿ ಸೀಟಿ ಊದುವವರು ಯಾರೂ ಇರುವುದಿಲ್ಲ. ಅವಳು ಪಕ್ಕಕ್ಕೆ ಸರಿದಳು.

ಸ್ಟೇಜಿನ ಮೇಲೆ ಅವಳಿಗೊಂದು ಕುರ್ಚಿ ಹಾಕಿದ್ದರು, ವಸಂತಕುಮಾರನ ಫೋಟೊಗೆ ಮಲ್ಲಿಗೆ ಹಾರ. ಅವಳು ಎದ್ದು ಎದ್ದು ಕೂತಳು. ನೀರು ಬೇಕಾ ಅಕ್ಕ ಎಂದು ಕೇಳಿದವರಿಗೆ ಬೇಡ ಎಂದಳು. ಆಮೇಲೆ ತಾನೇ ಹೋಗಿ ಕುಡಿದು ಬಂದಳು. ಆಟ ಯಾರದ್ದು, ಗೋಲು ಯಾರದ್ದು ಅವಳಿಗೆ ಗೊತ್ತಾಗಲಿಲ್ಲ. ಅವಳು ನೋಡಿದ್ದು ಸಮಿತನ ಕಾಲು, ಹಿತೇಶನ ಕಾಲು. ಹಿತೇಶ್ ಹೆದರಿ ಆಡುತ್ತಿದ್ದ. ಚೆಂಡು ಬಂದ ಕೂಡಲೇ ಬೇರೆಯವರಿಗೆ ತಳ್ಳಿ ದೂರ ಹೋಗುತ್ತಿದ್ದ. ಸಮಿತ್ ಅವನು ಹೋದಲ್ಲೆಲ್ಲ ಹೋಗುತ್ತಿದ್ದ. ಮೊದಲರ್ಧ ಮುಗಿಯಿತು, ಏನೂ ಆಗಲಿಲ್ಲ. ಅವಳು ಉಸಿರು ಬಿಟ್ಟಳು. ಬಿಟ್ಟದ್ದು ತಪ್ಪಾಯಿತು.

ಎರಡನೇ ಅರ್ಧದಲ್ಲಿ ಮೂಲೆಯ ಹತ್ತಿರ ಒಂದು ಚೆಂಡು ಹಿತೇಶನ ಕಾಲಿಗೆ ಬಂದು ನಿಂತಿತು. ಅವನು ತಳ್ಳುವಷ್ಟರಲ್ಲಿ ಸಮಿತ್ ಬಂದ. ದೂರದಿಂದ ಓಡಿ ಬಂದು, ನೆಲ ಬಿಟ್ಟು, ಎರಡೂ ಕಾಲು ಮುಂದೆ. ಅವಳು ಮೊಬೈಲಿನಲ್ಲಿ ನೋಡಿದ್ದೇ ಅದು, ಬಟ್ಟೆಯ ಬಣ್ಣ ಮಾತ್ರ ಬೇರೆ. ಹಿತೇಶ್ ಕೊನೆಯ ಗಳಿಗೆಯಲ್ಲಿ ಕಾಲು ಎತ್ತಿದ. ಏಟು ಎಲುಬಿಗೆ ಬೀಳದೆ ಹಿಮ್ಮಡಿಗೆ ಬಿತ್ತು. ಅವನು ಒಂದು ಸುತ್ತು ತಿರುಗಿ ಬಿದ್ದ.

ಸೀಟಿ ಮೊಳಗಿತು. ಮೈದಾನದವರೆಲ್ಲ ಅಲ್ಲಿಗೇ ಓಡಿದರು. ಅಭಿಜಿತ್ ಎಲ್ಲರನ್ನೂ ಹಿಂದೆ ಸರಿಸಿ ಜೇಬಿಗೆ ಕೈ ಹಾಕಿದ. ಜಯಶೀಲ ಸ್ಟೇಜಿನಿಂದ ಹಾರಿ ಓಡಿದರು. ಸ್ಮರಣೆಯ ಕಪ್ಪು, ತೀರಿಕೊಂಡವರ ಮಗ, ತಾಯಿ ಮೇಲೆ ಕೂತಿದ್ದಾರೆ, ಇವತ್ತೊಂದು ದಿನ ಬಿಡಿ ಎಂದು ಕೈ ಮುಗಿದರು. ಅಭಿಜಿತ್ ಅವರನ್ನು ನೋಡಲಿಲ್ಲ. ಒಂದು ಕ್ಷಣ ಸ್ಟೇಜಿನ ಕಡೆ ನೋಡಿದ. ಅವಳು ಅಲ್ಲಿರಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ಸುಣ್ಣದ ಗೆರೆಯವರೆಗೆ ಬಂದು ನಿಂತಿದ್ದಳು.

"ಸಮಿತ್, ಹೊರಗೆ ಬಾ."

"ಮಮ್ಮಿ, ಇಸ್ನೇ ಪಪ್ಪಾ ಕೋ ಮಾರಾ."

"ಗೊತ್ತುಂಟು. ನೀನು ಬಾ."

ಕಾರ್ಡು ಮೇಲೆ ಹೋಯಿತು. ಮಂಡಳಿಯ ಮೈದಾನದಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಗಲಾಟೆ ಮಾಡಲು ಬಂದವರು ಕೂಡ ಹಿಂದೆ ಸರಿದು ದಾರಿ ಬಿಟ್ಟರು. ಸಮಿತ್ ಅಂಗಿ ಕಿತ್ತು ಹೆಗಲಿಗೆ ಹಾಕಿಕೊಂಡು ಅವಳನ್ನು ದಾಟಿ ನಡೆದ. ಹೊರಗೆ ಬಿದ್ದವನು ತಂಡದ ಬೆಂಚಿನಲ್ಲೂ ಕೂರುವ ಹಾಗಿಲ್ಲವಂತೆ. ಅವನು ಗೇಟಿನಾಚೆ ರಿಕ್ಷಾ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ. ಹತ್ತು ಜನ ಆಡಿದರು, ಸೋತರು.

ಕಪ್ಪು ಹಿತೇಶನ ತಂಡಕ್ಕೆ ಹೋಯಿತು. ಪದಕಕ್ಕೆ ಅವನ ಹೆಸರು ಕೂಗಿದಾಗ ಅವನು ಬರಲಿಲ್ಲ. ಗೆಳೆಯರು ದೂಡಿದರು. ಕುಂಟುತ್ತಾ ಬಂದು ಅವಳೆದುರು ತಲೆ ಬಗ್ಗಿಸಿದ. ಅವಳು ಪದಕ ಹಾಕಿದಳು.

"ಕಾಲು ಹೇಗುಂಟು?"

"ಅಡ್ಡಿಲ್ಲ ಮಾಮಿ."

"ಡಾಕ್ಟರಿಗೆ ತೋರಿಸು. ಇವತ್ತೇ ತೋರಿಸು."

ಅಷ್ಟೇ. ಮನೆಗೆ ಬಾ ಎಂದು ಹೇಳಲಿಲ್ಲ. ಹೇಳುವಷ್ಟು ಮನಸ್ಸು ಇನ್ನೂ ಆಗಿರಲಿಲ್ಲ, ಇವತ್ತಿಗೂ ಆಗಿಲ್ಲ.

ರಿಕ್ಷಾ ಕಟ್ಟೆಯ ಮೇಲೆ ಅವಳು ಮಗನ ಪಕ್ಕ ಕೂತಳು. ಅವನು ಬೈಗುಳಕ್ಕೆ ಕಾಯುತ್ತಿದ್ದ. ಅವಳು ಬೈಯಲಿಲ್ಲ. ಖಾರಘರದಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು, ಒಂದೂ ಬಿಡದೆ: ಮೊದಲರ್ಧ, ಅರ್ಧ ಹೊರಬಂದ ಕಾರ್ಡು, ಮಣಿಕಟ್ಟು ಹಿಡಿದ ಕೈ. ಅವನು ಕೇಳಿ ಮುಗಿದ ಮೇಲೆ ಕನ್ನಡದಲ್ಲೇ ಹೇಳಿದ. ಅವನು ಕನ್ನಡದಲ್ಲಿ ಮಾತಾಡುವುದು ಅಪರೂಪ.

"ನಂಗೆ ಗೊತ್ತಿತ್ತು ಮಮ್ಮಿ. ನಾನು ಅಲ್ಲೇ ಇದ್ದೆ. ಪಪ್ಪ ಕೈ ಹಿಡಿದಾಗ ನಾನೂ ನಕ್ಕೆ."

ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವನು ಅತ್ತ. ರಿಕ್ಷಾದವನೊಬ್ಬ ಸ್ಟೇಷನ್ನಿಗೆ ಬರುತ್ತೀರಾ ಎಂದು ಕೇಳಿ, ಉತ್ತರ ಸಿಗದೆ ಹೋದ.

ಮಂಡಳಿ ಸಮಿತನಿಗೆ ಮುಂದಿನ ವರ್ಷದ ಪಂದ್ಯಾಟ ಇಲ್ಲ ಎಂದಿತು. ಅವಳು ಹೋಗಿ ಕೇಳಲಿಲ್ಲ. ಅವನು ಈಗ ಕಾಲೇಜಿನ ತಂಡದಲ್ಲಿ ಆಡುತ್ತಾನೆ, ದಿನಾ ಬೆಳಿಗ್ಗೆ ಪ್ರಾಕ್ಟೀಸು. ಅವನು ಏಳುವ ಮೊದಲೇ ಅಕ್ಕು ಎದ್ದು, ನಳದಲ್ಲಿ ನೀರು ಬಂದ ಕೂಡಲೇ ಪಾತ್ರೆ ತೊಳೆಯುವ ಮೋರಿಯಲ್ಲಿ ಕೂತು ಅವನ ಬೂಟು ತೊಳೆಯುತ್ತಾಳೆ. ತಳದ ಮುಳ್ಳುಗಳ ನಡುವಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯುತ್ತಾಳೆ. ಆಮೇಲೆ ಒಂದೊಂದು ಮುಳ್ಳಿನ ಮೇಲೂ ಹೆಬ್ಬೆರಳು ಆಡಿಸುತ್ತಾಳೆ. ಎಲ್ಲಾದರೂ ಸವೆದು ಚೂಪಾಗಿದ್ದರೆ ಬಾಗಿಲ ಹೊರಗಿನ ಒರಟು ಮೆಟ್ಟಿಲಿಗೆ ತಿಕ್ಕಿ ನುಣ್ಣಗೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಬೂಟುಗಳನ್ನು ಜೋಡಿಸಿ ಇಡುತ್ತಾಳೆ.